ಖಾಲಿ ಮನೆಯ ಮುಂದಿನ ಕಾರು

ಕಾರಿನೊಳಗೆ ಕೂತವನ ಗಾಜನ್ನು ಯಾರಾದರೊಬ್ಬರು ಬಂದು ತಟ್ಟುತ್ತಲೇ ಇರುತ್ತಾರೆ. ಅವರು ಏನೋ ಕೇಳುತ್ತಾರೆ, ನಾನು ಏನೋ ಹೇಳುತ್ತೇನೆ, ಅಲ್ಲಿಗೆ ಒಂದು ಪ್ರಸಂಗ ಆಗಿಹೋಗುತ್ತದೆ. ಮನೆಯಲ್ಲಿ ವಾಸವಾಗಿದ್ದಾಗ ನನ್ನ ಬದುಕಿನಲ್ಲಿ ಇಷ್ಟು ಪ್ರಸಂಗಗಳು ಇರಲಿಲ್ಲ. ಆದ್ದರಿಂದ ನಗರದಲ್ಲಿ ಕಾರನ್ನೇ ಮನೆ ಮಾಡಿಕೊಳ್ಳಬೇಕೆಂದಿರುವವರಿಗೆ ಉಪಯೋಗವಾಗಲೆಂದು ಕೆಲವು ಸೂಚನೆಗಳನ್ನು ಬರೆದಿಡುತ್ತಿದ್ದೇನೆ. ನರಗುಂದವನ್ನು ನಗರವೆಂದರೆ ಹುಬ್ಬಳ್ಳಿಯವರು ನಗಬಹುದು. ಅವರು ಒಮ್ಮೆ ಇಲ್ಲಿ ಬಂದು ಬಾಡಿಗೆ ಮನೆ ಹುಡುಕಿ ನೋಡಲಿ.

ಅರ್ಹತೆ

ಕಾರಿನಲ್ಲಿ ವಾಸಿಸಬೇಕಾದರೆ ಮೊದಲು ಮನೆ ಸಿಗದಿರಬೇಕು. ಇದಕ್ಕೆ ನಾನು ವಿಶೇಷ ಪ್ರಯತ್ನ ಮಾಡಲಿಲ್ಲ.

ನನ್ನ ಕೆಲಸ ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ. ಹೆಂಡತಿ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಮನೆ ಬಿಟ್ಟೆ. ನರಗುಂದ, ರೋಣ, ಗಜೇಂದ್ರಗಡ, ಈ ಮೂರು ಊರಿನ ತಕ್ಕಡಿಗಳನ್ನು ನೋಡಿಕೊಳ್ಳುವ ಕೆಲಸ ಒಪ್ಪಿಕೊಂಡೆ. ನರಗುಂದದಲ್ಲಿ ಕಾಳಿನ ವ್ಯಾಪಾರ ಜೋರು, ಹೀಗಾಗಿ ಕೆಟ್ಟ ತಕ್ಕಡಿಗಳೂ ಜಾಸ್ತಿ. ಅಲ್ಲಿಯೇ ಮನೆ ಕೇಳಲು ಹೊರಟೆ. ಮೊದಲ ಮನೆಯ ಮಾಲಕರು ಬಹಳ ಸಂಭಾವಿತರು.

"ಮನ್ಯಾಗ ಎಷ್ಟ ಮಂದಿ ಅದೀರ್ರಿ?"

"ನಾ ಒಬ್ಬನರಿ."

"ಮನಿಯವರು?"

"ತೀರಿಕೊಂಡಾರ್ರಿ."

"ಅಯ್ಯ ಪಾಪ" ಎಂದು ಅವರು ನಿಜವಾಗಿಯೇ ಮರುಗಿದರು. ಕೂಡಿಸಿದರು. ಚಹಾ ತರಿಸಿದರು. ಏನಾಗಿತ್ತು, ಯಾವ ದವಾಖಾನಿಗೆ ಒಯ್ದಿದ್ದಿರಿ ಎಂದು ಎಲ್ಲ ಕೇಳಿಕೊಂಡರು. ನಾನು ಕಪ್ಪು ಕೆಳಗಿಟ್ಟ ಮೇಲೆ ಹೇಳಿದರು: "ಆದ್ರ ನಾವು ಬ್ಯಾಚುಲರ್‌ಗೆ ಮನಿ ಕೊಡಾಂಗಿಲ್ರಿ."

ಅಷ್ಟು ವರ್ಷ ಸಂಸಾರ ಮಾಡಿದ ಮನುಷ್ಯ ಒಂದೇ ಮಧ್ಯಾಹ್ನದಲ್ಲಿ ಮತ್ತೆ ಬ್ಯಾಚುಲರ್ ಆಗಬಹುದೆಂದು ನನಗೆ ಗೊತ್ತಿರಲಿಲ್ಲ. ನನ್ನ ನೆರೆತ ತಲೆಗೂದಲಿಗೂ ಯಾರೂ ತಿಳಿಸಿರಲಿಲ್ಲ.

ಜಾಗ

ಕಾರು ನಿಲ್ಲಿಸಲು ಬೇವಿನ ಮರದ ನೆರಳು ಉತ್ತಮ. ಕಾಗೆಗಳು ಇರುತ್ತವೆ, ಆದರೆ ಅವು ಫ್ಯಾಮಿಲಿ ಇದೆಯೇ ಎಂದು ಕೇಳುವುದಿಲ್ಲ.

ನನಗೆ ಸಿಕ್ಕ ಮರ ಗುಡ್ಡದ ಕೆಳಗಿನ ಒಂದು ಓಣಿಯಲ್ಲಿದೆ. ಅದರ ಎದುರಿಗೆ ಒಂದು ಖಾಲಿ ಮನೆ. ಮನೆಯ ಒಡತಿ ಪಕ್ಕದಲ್ಲೇ ಇರುವ ಮುದುಕಿ, ಓಣಿಯವರೆಲ್ಲ ಆಯಿ ಎನ್ನುತ್ತಾರೆ. ನಾನು ಮನೆ ಕೇಳಲು ಹೋದಾಗ ಆಯಿ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತದೆ ಹೇಳಿದಳು.

"ಒಬ್ಬಾಂವಗ ಕೊಡಾಂಗಿಲ್ಲ, ತಮ್ಮಾ. ಓಣ್ಯಾಗ ಮಂದಿ ಏನಂತಾರ?"

ಸಂಜೆಯಾಗಿತ್ತು. ಬೇರೆ ಕಡೆ ಹೋಗಿ ಇದೇ ಮಾತು ಕೇಳುವ ಉಮೇದು ಇರಲಿಲ್ಲ. ಮರದ ಕೆಳಗೇ ಸೀಟು ಹಿಂದಕ್ಕೆ ಬಾಗಿಸಿಕೊಂಡೆ. ಬೆಳಗ್ಗೆ ಗಾಜು ತಟ್ಟಿದ ಸಪ್ಪಳಕ್ಕೆ ಎಚ್ಚರವಾಯಿತು. ಆಯಿ ಚಹಾದ ಲೋಟ ಹಿಡಿದು ನಿಂತಿದ್ದಳು.

"ಇಲ್ಲೇ ಮಲಗಿದ್ಯೇನು?"

"ಹೂಂ, ಆಯಿ. ಮಂದಿ ಏನರ ಅಂತಾರೇನು?"

"ಓಣಿ ಏನ್ ನಂದಲ್ಲ. ಏನರ ಅಂದ್ರ ಮುನಸಿಪಾಲ್ಟಿಗೆ ಅಂತಾರ."

ಹೀಗೆ ಕೆಲವು ದಿನ ಹೋದವು. ಒಂದು ದಿನ ಲೋಟದ ಜೊತೆಗೆ ಒಂದು ಬೀಗದ ಕೈಯನ್ನೂ ಕಿಟಕಿಯಿಂದ ಒಳಗೆ ಚಾಚಿದಳು.

"ಹ್ಯಾಂಗೂ ಇಲ್ಲೇ ಕುಂತಿರ್ತಿ. ಮನಿ ಖಾಲಿ ಐತಿ, ಒಂದೀಟು ನೋಡ್ಕೋ. ಯಾರರ ಬಾಡಿಗಿಗೆ ಕೇಳಾಕ ಬಂದ್ರ ತಗದು ತೋರಿಸು. ನನಗ ಮೊಣಕಾಲ ಏಳಾಂಗಿಲ್ಲ."

ಮನೆಯೊಳಗೆ ಬಚ್ಚಲಿದೆ, ನಲ್ಲಿಗೆ ನೀರೂ ಬರುತ್ತದೆ. ವಾರಕ್ಕೊಮ್ಮೆ ಅದನ್ನು ತೊಳೆದು ಸ್ವಚ್ಛ ಇಟ್ಟು, ಬೀಗ ಹಾಕಿ, ನಾನು ಸ್ನಾನಕ್ಕೆ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೆ.

ದಿಕ್ಕು

ಊರೂರು ತಿರುಗುವವನು ಪ್ರತಿ ಊರಿನಲ್ಲೂ ಒಬ್ಬ ಕ್ಷೌರಿಕನನ್ನು ಗೊತ್ತು ಮಾಡಿಕೊಳ್ಳಬೇಕು. ಮುಖ ತೊಳೆಯಲು ನೀರು, ನೋಡಿಕೊಳ್ಳಲು ಕನ್ನಡಿ, ಓದಲು ಪೇಪರು, ಇವುಗಳ ಜೊತೆಗೆ ಯಾರಾದರೂ ನಿಮ್ಮ ತಲೆ ಮುಟ್ಟುತ್ತಾರೆ. ಕೂದಲು ಬೆಳೆಯದಿದ್ದರೂ ನಾನು ರೋಣದಲ್ಲಿ ಆಗಾಗ ಕತ್ತರಿಸಿಕೊಳ್ಳುತ್ತೇನೆ.

"ನಿಮ್ಮ ಮನಿ ಎಲ್ಲೈತ್ರಿ?" ಎಂದು ಕ್ಷೌರಿಕ ಒಮ್ಮೆ ಕೇಳಿದ.

"ಹೊರಗ ನಿಂತೈತಲ್ಲ, ಅದ."

ಅವನು ಕತ್ತರಿ ನಿಲ್ಲಿಸಿ ಬಾಗಿಲಿನಿಂದ ನೋಡಿದ. "ಸ್ವಂತದ್ದೋ, ಬಾಡಿಗಿದೋ?"

"ಸ್ವಂತದ್ದು."

"ಹಂಗಾರ ನಮಗಿಂತ ಚಲೋ ಬಿಡ್ರಿ. ನಂದು ಇನ್ನೂ ಬಾಡಿಗಿ ಮನಿ."

ಬೆಂಚಿನ ಮೇಲೆ ಸರದಿಗೆ ಕೂತಿದ್ದ ಹಿರಿಯರೊಬ್ಬರು ಪೇಪರು ಇಳಿಸಿದರು. "ಮುಖ ಯಾ ಕಡೆ ಐತಿ?"

"ಯಾ ಕಡೆ ನಿಲ್ಲಸ್ತೀವಿ ಆ ಕಡೆರಿ."

"ಹಂಗ ಅನಬ್ಯಾಡ್ರಿ. ಈಗ ದಕ್ಷಿಣಕ್ಕ ಐತಿ. ದಕ್ಷಿಣದ ಮುಖ ಮನುಷ್ಯಾಗ ಆಗಿಬರಾಂಗಿಲ್ಲ. ಒಂಟಿ ಮಾಡತೈತಿ."

"ಒಂಟಿ ಆದ ಮ್ಯಾಲೆ ಕಾರಿಗೆ ಬಂದೀನ್ರಿ."

"ಹಂಗಾರ ಮೊದಲಿನ ಮನಿದೂ ದಕ್ಷಿಣ ಇರಬೇಕು."

ಅವರ ಸಮಾಧಾನಕ್ಕೆಂದು ಅರ್ಧ ಕ್ಷೌರದಲ್ಲಿ ಎದ್ದು ಹೋಗಿ, ಕೊರಳಿಗೆ ಬಟ್ಟೆ ಕಟ್ಟಿಕೊಂಡೇ ಕಾರು ತಿರುಗಿಸಿದೆ. ಈಗ ರೋಣದಲ್ಲಿ ನನ್ನ ಮನೆ ಉತ್ತರಕ್ಕೆ ಮುಖ ಮಾಡಿ ನಿಲ್ಲುತ್ತದೆ. ಒಂಟಿತನ ಇದ್ದ ಹಾಗೆಯೇ ಇದೆ, ಬಿಸಿಲು ಮಾತ್ರ ಮುಖ ಬಿಟ್ಟು ಬೆನ್ನಿಗೆ ಬೀಳುತ್ತದೆ.

ಪಕ್ಕದ ಸೀಟು

ಪಕ್ಕದ ಸೀಟಿನ ಮೇಲೆ ಭಾರ ಇಡಬೇಡಿ. ಈಗಿನ ಕಾರುಗಳಿಗೆ ಯಾರೋ ಕೂತಿದ್ದಾರೆಂಬ ಭ್ರಮೆ ಬರುತ್ತದೆ. ಬೆಲ್ಟ್ ಹಾಕುವವರೆಗೆ ಟಿಂವ್ ಟಿಂವ್ ಎಂದು ಬಡಿದುಕೊಳ್ಳುತ್ತವೆ. ನನ್ನ ಕಾರಿನಲ್ಲಿ ಡ್ರೈವರ್ ಸೀಟಿನ ಸಪ್ಪಳ ಎಂದೋ ಕೆಟ್ಟಿದೆ, ಪಕ್ಕದ್ದು ಮಾತ್ರ ಗಟ್ಟಿಯಾಗಿದೆ.

ರಿಪೇರಿಯಾದ ತಕ್ಕಡಿಯೊಂದನ್ನು ಪಕ್ಕಕ್ಕಿಟ್ಟುಕೊಂಡು ನರಗುಂದದಿಂದ ರೋಣಕ್ಕೆ ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಹಾಸಿಗೆ, ಪಾತ್ರೆ, ಬಟ್ಟೆ, ಅಲ್ಲಿ ಜಾಗವಿರಲಿಲ್ಲ. ಬಡಿದುಕೊಳ್ಳುವುದನ್ನು ಕೇಳಲಾರದೆ ತಕ್ಕಡಿಗೆ ಬೆಲ್ಟ್ ಹಾಕಿದೆ. ಕಾರು ನಂಬಿ ಸುಮ್ಮನಾಯಿತು. ದಾರಿಯಲ್ಲಿ ಒಬ್ಬನೇ ಇರುವಾಗ ಮಾತಾಡುವ ಅಭ್ಯಾಸ ನನಗೆ ಇತ್ತೀಚೆಗೆ ಬಂದಿದೆ. ಈ ಸಲದ ಕಡಲೆ, ಕಾಲುವೆಯ ನೀರು, ಆಯಿಯ ಮೊಣಕಾಲು, ಹೀಗೆ ಏನೇನೋ ಹೇಳುತ್ತ ಹೋಗುತ್ತಿದ್ದೆ. ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು.

ಗಾಜು ತಟ್ಟಿ ಒಳಗೆ ಬಗ್ಗಿದರು. ತಕ್ಕಡಿಯನ್ನು ನೋಡಿದರು, ನನ್ನನ್ನು ನೋಡಿದರು.

"ಯಾರ ಜೋಡಿ ಮಾತಾಡಾಕತ್ತಿದ್ರಿ?"

"ಯಾರ ಜೋಡೀನೂ ಇಲ್ರಿ."

"ತಕ್ಕಡಿಗೆ ಬೆಲ್ಟ್ ಹಾಕೀರಿ. ನೀವ್ಯಾಕ ಹಾಕ್ಕೊಂಡಿಲ್ಲ?"

ಆಗಲೇ ನೋಡಿಕೊಂಡೆ. ಜೊತೆಗಿದ್ದವರ ಕಾಳಜಿಯಲ್ಲಿ ನನ್ನದು ಮರೆತೇಹೋಗಿತ್ತು.

ಪರದೆ

ಕಾರಿನಲ್ಲಿ ಇರುವವನಿಗೆ ಪರದೆ ಬೇಕು. ಇಲ್ಲದಿದ್ದರೆ ಶಾಲೆಗೆ ಹೋಗುವ ಮಕ್ಕಳು ನೀವು ಹಲ್ಲುಜ್ಜುವುದನ್ನು ಸಾಲಾಗಿ ನಿಂತು ನೋಡುತ್ತಾರೆ.

ಗಜೇಂದ್ರಗಡದಲ್ಲಿ ಸೀರೆ ನೇಯುವ ಒಂದು ಮನೆಯಿದೆ. ನೂಲು ತೂಗುವ ಅವರ ತಕ್ಕಡಿ ಸರಿಮಾಡಿ ಕೊಟ್ಟ ಮೇಲೆ ಕೇಳಿದೆ, ಪರದೆಗೆ ಬಟ್ಟೆ ಸಿಗುತ್ತದೆಯೇ ಎಂದು. ಗಂಡ ಮಗ್ಗದಲ್ಲಿದ್ದ. ಹೆಂಡತಿ ನೂಲು ಸುತ್ತುತ್ತಿದ್ದಳು.

"ಪರದಿ ನೇಯಾಂಗಿಲ್ರಿ ನಾವು. ಸೀರಿ ನೇಯ್ತೀವಿ" ಅಂದಳು.

"ಹಂಗಾರ ಸೀರಿನ ಕೊಡ್ರಿ."

"ಬಣ್ಣ ಯಾವುದು?"

"ಹಸರು. ಕೆಂಪ ದಡಿ" ಎಂದು ತಟ್ಟನೆ ಹೇಳಿಬಿಟ್ಟೆ. ಸೀರೆ ಕೊಳ್ಳುವಾಗ ನನಗೆ ಬೇರೆ ಬಣ್ಣ ಹೇಳಿ ರೂಢಿಯಿಲ್ಲ.

"ಮನಿಯವರಿಗೇನ್ರಿ?"

"ಅಲ್ರಿ. ಕಾರಿಗೆ."

ಮಗ್ಗದ ಸಪ್ಪಳ ನಿಂತಿತು. "ಕತ್ತರಿ ಹಚ್ಚತೀರೇನು?" ಎಂದು ಗಂಡ ಕೇಳಿದ.

"ಇಲ್ರಿ. ಮಡಿಚಿ ಕಟ್ಟತೀನಿ."

"ಹಂಗಾರ ಕೊಡು" ಎಂದು ಹೆಂಡತಿಗೆ ಹೇಳಿದ. ಮಗ್ಗ ಮತ್ತೆ ಶುರುವಾಯಿತು.

ಆಕೆ ಸೀರೆ ತೆಗೆದಳು, ಆದರೆ ನನ್ನ ಕೈಗೆ ಕೊಡಲಿಲ್ಲ. "ನಮ್ಮ ಮನ್ಯಾಗಿಂದ ಸೀರಿ ಬರೇ ಹೋಗಾಂಗಿಲ್ರಿ" ಎಂದು ಒಳಗೆ ಹೋಗಿ ತಾಟು ಹಿಡಿದು ಬಂದಳು. ನೇರ ಬೀದಿಗೆ ನಡೆದು ಕಾರಿನ ಮೂತಿಗೆ ಅರಿಷಿಣ ಕುಂಕುಮ ಹಚ್ಚಿದಳು. ಬಾಗಿಲು ತೆಗೆಸಿ, ಮುಂದಿನ ಸೀಟಿನಲ್ಲಿ ಸೀರೆ, ಅದರ ಮೇಲೆ ಕುಬಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಎಲ್ಲ ಇಟ್ಟು, ತವರಿನಿಂದ ಹೊರಟ ಮಗಳಿಗೆ ಮಡಿಲು ತುಂಬುವಂತೆ ಶಾಸ್ತ್ರವಾಗಿ ಉಡಿ ತುಂಬಿದಳು. ಆಕೆಯ ಮುಖದಲ್ಲಿ ನಗೆಯ ಸುಳಿವೇ ಇರಲಿಲ್ಲ. ನಾನು ಹೊರಡುವಾಗ ಒಳಗಿನಿಂದ ಗಂಡನ ದನಿ ಬಂತು.

"ಇನ್ನ ಮ್ಯಾಲೆ ತಗ್ಗಿನ್ಯಾಗ ಭಾಳ ಕುಣಸಬ್ಯಾಡ್ರಿ. ಉಡಿ ತುಂಬಿದಾಕಿ."

ದಾರಿಯಲ್ಲಿನ ಪುರ್ತಗೇರಿ ದಾಟುವವರೆಗೂ ಸಾವಕಾಶವೇ ಬಂದೆ. ಖರೇ ಹೇಳಬೇಕೆಂದರೆ ನರಗುಂದದವರೆಗೂ.

ಮರುದಿನ ಬೆಳಗ್ಗೆ ಗಾಜಿನ ಮೇಲೆ ಜೋರು ತಟ್ಟು. ಸೀರೆಯ ಆಚೆ ಆಯಿಯ ದನಿ.

"ತಮ್ಮಾ, ಮದವಿ ಆದ್ಯೇನು? ಒಂದ್ ಮಾತು ಹೇಳಬಾರದ? ಹೆಣ್ಣಮಗಳನ್ನ ಹಿಂಗ ಕಾರಿನ್ಯಾಗ ಇಡ್ತಾರೇನು? ಲಗೂ ಎಬ್ಬಿಸು, ಇವತ್ತ ಮನಿ ಹೊಕ್ಕೋರಿ."

ನಾನು ಸೀರೆ ಸರಿಸಿದೆ. ಒಳಗೆ ನಾನಿದ್ದೆ, ಬೆಲ್ಟ್ ಹಾಕಿದ ಮತ್ತೊಂದು ತಕ್ಕಡಿ ಇತ್ತು. ಆಯಿ ಹಿಂದಿನ ಸೀಟಿಗೂ ಇಣುಕಿದಳು. ಸೆರಗನ್ನು ಎರಡು ಬೆರಳಿನಲ್ಲಿ ಹಿಡಿದು ನೂಲು ಪರೀಕ್ಷಿಸಿದಳು.

"ಸೀರಿ ಚಲೋ ಐತಿ" ಎಂದು ಹೇಳಿ ಹೊರಟುಹೋದಳು.

ಓದುಗರು ಗಮನಿಸಬೇಕು: ಮನೆ ಸಿಗಲು ಹೆಂಡತಿ ಬೇಕೇ ಬೇಕೆಂದಿಲ್ಲ, ಸೀರೆ ಸಾಕು. ಆದರೆ ಪರದೆ ಸರಿಸಬಾರದು.

ನೆರೆಹೊರೆ

ಮನೆ ತೋರಿಸುವ ಕೆಲಸವನ್ನು ನಾನು ನಿಷ್ಠೆಯಿಂದ ಮಾಡಿದೆ. ಜಕ್ಕಲಿಯಿಂದ ಗಂಡ ಹೆಂಡತಿ ಬಂದರು. ಗಂಡನಿಗೆ ಕಾಳಿನ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಅಡುಗೆಮನೆಯ ಬೆಳಕು, ಬಚ್ಚಲಿನ ನಲ್ಲಿ, ಹಿತ್ತಲಿನ ಒಗೆಯುವ ಕಲ್ಲು ಎಲ್ಲ ತೋರಿಸಿದೆ. ಹೆಂಗಸಿಗೆ ಮನೆ ಹಿಡಿಸಿತ್ತು. ಪಾತ್ರೆ ಎಲ್ಲಿಡಬೇಕೆಂದು ಆಗಲೇ ಗಂಡನಿಗೆ ಹೇಳುತ್ತಿದ್ದಳು.

"ಎದುರಿಗೆ ಯಾರ ಅದಾರ್ರಿ?" ಎಂದು ಆಕೆ ಕೇಳಿದಳು.

"ಎದುರಿಗೆ ಮನಿ ಇಲ್ರಿ. ಕಾರು ಐತಿ."

"ಯಾರದು?"

"ನಂದರಿ."

"ನೀವು ಇರೋದೆಲ್ಲಿ?"

"ಅದರಾಗರಿ."

"ಯಾರ್ಯಾರು?"

"ನಾ ಒಬ್ಬನ."

ಆಕೆ ಗಂಡನ ತೋಳು ಹಿಡಿದು ಮೂಲೆಗೆ ಒಯ್ದು ಪಿಸುಗುಟ್ಟಿದಳು. ಖಾಲಿ ಮನೆಯಲ್ಲಿ ಪಿಸುಮಾತು ದೊಡ್ಡದಾಗಿ ಕೇಳುತ್ತದೆ. "ಬಾಗಲಾ ತಗದ್ರ ಎದುರಿಗೆ ಒಂಟಿ ಗಂಡಸು ಕುಂತಿರ್ತಾನ. ಬ್ಯಾಡ ನಡೀರಿ."

ಗಂಡ ಸಂಕೋಚದಿಂದ ನನ್ನ ಕಡೆ ತಿರುಗಿದ. ಅವನಿಗೆ ಹೇಳಲು ಕಷ್ಟವಾಗುತ್ತಿತ್ತು, ನಾನೇ ಸಹಾಯ ಮಾಡಿದೆ.

"ಅವರು ಹೇಳೋದು ಖರೇ ಐತ್ರಿ. ನಮ್ಮಾಕಿ ಇದ್ರೂ ಬ್ಯಾಡ ಅಂತಿದ್ಲು."

ಬಾಗಿಲು

ಆಮೇಲೆ ಬಂದವರೂ ಇದನ್ನೇ ಹೇಳಿ ಹೋದರು. ಒಂದು ಸಂಜೆ ಆಯಿ ಬಂದು ಗಾಜು ತಟ್ಟಿದಳು.

"ಮನಿ ಯಾಕ ಹೋಗವಲ್ದು, ತಮ್ಮಾ?"

"ನನ್ನ ಸಲುವಾಗಿ, ಆಯಿ."

"ನೀ ಏನ್ ಮಾಡಿದಿ?"

"ಏನೂ ಮಾಡಿಲ್ಲ. ಒಬ್ಬನ ಅದೀನಿ."

ಆಯಿ ಯೋಚಿಸಿದಳು. "ಹಂಗಾರ ಕಾರು ಬ್ಯಾರೆ ಕಡೆ ಹಚ್ಚು."

"ಹಚ್ಚತೀನಿ. ಬೀಗದ ಕೈ ಯಾರ ಕಡೆ ಕೊಡ್ಲಿ?"

ಇದು ಆಕೆಗೆ ಹೊಳೆದಿರಲಿಲ್ಲ. ನಾನು ಹೋದರೆ ಮನೆ ನೋಡಿಕೊಳ್ಳುವವರಿಲ್ಲ, ಇದ್ದರೆ ಮನೆ ಹಿಡಿಯುವವರಿಲ್ಲ. ಮೊಣಕಾಲು ತಿಕ್ಕಿಕೊಳ್ಳುತ್ತ ಕಟ್ಟೆಯ ಮೇಲೆ ಕೂತಳು. ಹೊತ್ತು ಮುಳುಗುವುದರೊಳಗೆ ತೀರ್ಮಾನ ಬಂತು.

"ಒಂದ್ ಕೆಲಸ ಮಾಡು. ನೀನ ಒಳಗ ಬಂದಬಿಡು. ಒಳಗಿದ್ರ ಯಾರಿಗೂ ಕಾಣಾಂಗಿಲ್ಲ."

"ಒಬ್ಬಾಂವಗ ಕೊಡಾಂಗಿಲ್ಲ ಅಂದಿದ್ದಿ."

"ಒಬ್ಬಾಂವಗ ಎಲ್ಲಿ ಕೊಟ್ಟೆ? ಮನಿ ನೋಡ್ಕೊಳ್ಳಾಂವಗ ಕೊಟ್ಟೀನಿ."

ಹೀಗೆ ನನಗೆ ಮನೆ ಸಿಕ್ಕಿತು. ಆಯಿ ಎದುರಿಗೆ ನಿಂತು ಹಾಲು ಉಕ್ಕಿಸಿದಳು. ತಕ್ಕಡಿಗಳನ್ನು ಪಡಸಾಲೆಯಲ್ಲಿ ಸಾಲಾಗಿ ಇಟ್ಟೆ. ಹಸಿರು ಸೀರೆಯನ್ನು ಮಡಿಚಿ ಗೂಡಿನಲ್ಲಿಟ್ಟೆ. ಮನೆಯಲ್ಲಿ ಕಾಲು ಚಾಚಿ ಮಲಗಬಹುದಾಗಿತ್ತು, ನಿಂತು ಅಂಗಿ ತೊಡಬಹುದಾಗಿತ್ತು.

ಆದರೆ ಯಾರೂ ಬಾಗಿಲು ತಟ್ಟಲಿಲ್ಲ. ಹಾಲಿನವನು, ಹೂವಿನವಳು, ಚೆಂಡು ಕಳೆದುಕೊಂಡ ಹುಡುಗರು ರೂಢಿಯಂತೆ ಕಾರಿನ ಗಾಜನ್ನೇ ತಟ್ಟಿ, ಒಳಗೆ ಇಣುಕಿ, ಯಾರೂ ಇಲ್ಲವೆಂದು ಹೋಗುತ್ತಿದ್ದರು. ನಾನು ಸಪ್ಪಳ ಕೇಳಿ ಚಿಲಕ ತೆಗೆಯುವಷ್ಟರಲ್ಲಿ ಓಣಿಯ ತಿರುವಿನಲ್ಲಿರುತ್ತಿದ್ದರು. ಆಯಿಯೂ ಚಹಾ ತರುವುದನ್ನು ಬಿಟ್ಟಳು. ಮನೆಯಿದ್ದವನಿಗೆ ಒಲೆಯೂ ಇರುತ್ತದಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾನು ಮನೆಗೆ ಬೀಗ ಹಾಕಿ ಕಾರಿನಲ್ಲಿ ಹೋಗಿ ಕೂತೆ. ಸೆಕೆಯೆಂದು ಕೀಲಿ ತಿರುಗಿಸಿ ಫ್ಯಾನು ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಗಾಜು ತಟ್ಟಿದ ಸಪ್ಪಳ. ಆಯಿ ಎರಡು ಲೋಟ ಹಿಡಿದು ನಿಂತಿದ್ದಳು.

"ಮನಿ ಕೊಟ್ಟ ಮ್ಯಾಲೂ ಇಲ್ಲೇ ಕುಂತಿಯಲ್ಲೋ. ಏನ್ ಮಾಡಾಕತ್ತಿ?"

"ಮನಿ ನೋಡ್ಕೊಳ್ಳಾಕತ್ತೀನಿ, ಆಯಿ. ಖಾಲಿ ಐತಿ."

ಆಯಿ ಮನೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಕಾರು ಸುತ್ತಿ ಬಂದು, ಆಚೆ ಬಾಗಿಲು ತೆಗೆದು, ಮೊಣಕಾಲು ಹಿಡಿದುಕೊಂಡು ಪಕ್ಕದ ಸೀಟಿನಲ್ಲಿ ಕೂತಳು. ಕಾರು ಟಿಂವ್ ಟಿಂವ್ ಎಂದು ಶುರುಮಾಡಿತು.

"ಏನಾತೋ ಇದಕ್ಕ?"

"ಪಕ್ಕದಾಗ ಯಾರೋ ಬಂದು ಕುಂತಾರ ಅಂತ ಹೇಳಾಕತ್ತೈತಿ."

"ಮನಿ ಮಾಲಕಿ ಕುಂತಾಳ ಅಂತ ಹೇಳು. ಎಷ್ಟ್ ಬಡ್ಕೊಂಡ್ರೂ ಚಹಾ ಮುಗಿಯೂತನಾ ಏಳಾಂಗಿಲ್ಲ."

ಬೆಲ್ಟ್ ಹಾಕಿದರೆ ಅದು ನಿಲ್ಲುತ್ತದೆಂದು ನಾನು ಆಕೆಗೆ ಹೇಳಲಿಲ್ಲ.