ನಿಂತೇ ಕಳೆದ ತಿಂಗಳು

ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನನಗೆ ‘ಸ್ಟ್ಯಾಂಡ್’ ಎಂಬ ಪುಟ್ಟ ಪದಕ್ಕೆ ನಿಘಂಟಿನಲ್ಲಿ ಪುಟ ತುಂಬ ಅರ್ಥಗಳಿವೆಯೆಂದು ಗೊತ್ತಿತ್ತು. ಎದ್ದು ನಿಲ್ಲುವುದು, ತಾಳಿಕೊಳ್ಳುವುದು, ಚುನಾವಣೆಗೆ ನಿಲ್ಲುವುದು, ಬಸ್ಸು ನಿಲ್ಲುವ ಜಾಗ, ಸೈಕಲ್ಲಿನ ಕಾಲು. ಉಳಿದವನ್ನು ಹರಿಹರ-ದಾವಣಗೆರೆ ನಡುವೆ ನನ್ನ ಕಾಲುಗಳೇ ಕಲಿತವು.

ದಾವಣಗೆರೆಯ ಒಂದು ಶಾಲೆಯಲ್ಲಿ ಆಗಷ್ಟೇ ಟೀಚರಾಗಿ ಸೇರಿದ್ದೆ. “ನಿಮ್ಮ ದನಿ ಎರಡನೇ ಬೆಂಚಿಗೂ ಮುಟ್ಟಲ್ಲ. ಒಂದು ತಿಂಗಳು ನೋಡ್ತೀನಿ,” ಎಂದಿದ್ದರು ಹೆಡ್‌ಮಿಸ್. ಕೆಲಸ ಹೋದರೆ ತಾನು ನೋಡಿಟ್ಟ ಗಂಡಿನ ಜೊತೆ ಮದುವೆಯೇ ಎಂದು ಅಮ್ಮ ಹೇಳಿಬಿಟ್ಟಿದ್ದಳು.

ಕರವಸ್ತ್ರ

ದಿನಾ ಬಸ್ಸಿನಲ್ಲಿ ನಿಂತು ಬರುವ ನನ್ನನ್ನು ಕಂಡು ಗುತ್ತೂರಿನ ಒಬ್ಬ ಅಜ್ಜಿ ಬುದ್ಧಿ ಹೇಳಿದರು: ಕಿಟಕಿಯಿಂದ ಕರವಸ್ತ್ರ ಎಸಿ, ಸೀಟು ನಿಂದೇ. ಮರುದಿನ ಧೈರ್ಯ ಮಾಡಿ ಎಸೆದೆ. ನೂಕಾಟದಲ್ಲಿ ಕೊನೆಗೆ ಹತ್ತಿದವಳು ನಾನೇ. ಕರವಸ್ತ್ರದ ಪಕ್ಕ ಯಾರೋ ಹೆಂಗಸು ಕಾವಲು ಕೂತಿದ್ದರು. ನಾನು ಹತ್ತಿರ ಹೋದದ್ದೇ ತಡ, “ಇಲ್ಲಿ ಬ್ಯಾಡ ತಂಗಿ, ಯಾರೋ ಹಿಡದಾರ,” ಎಂದರು.

ಅದು ನನ್ನದೇ ಎನ್ನಲು ಬಾಯಿ ಬರಲಿಲ್ಲ. ನನ್ನ ಕರವಸ್ತ್ರ ಆರಾಮಾಗಿ ಕೂತು ದಾವಣಗೆರೆ ಸೇರಿತು. ನಾನು ಅದರ ಪಕ್ಕ ನಿಂತು ಸೇರಿದೆ.

ದೋಸೆ

ಶಾಲೆಯ ಹತ್ತಿರದ ಬೆಣ್ಣೆದೋಸೆ ಹೋಟೆಲಿನಲ್ಲಿ ಜಾಗ ಬೇಕೆಂದರೆ ತಿನ್ನುತ್ತಿರುವವರ ಕುರ್ಚಿಯ ಹಿಂದೆ ನಿಲ್ಲಬೇಕು. ಯಜಮಾನರೊಬ್ಬರ ಹಿಂದೆ ನಿಂತೆ. ಅವರು ತಿರುಗಿ ನೋಡಿ, “ಇನ್ನೊಂದೀಟು ಚಟ್ನಿ ತಾರವ್ವ,” ಎಂದರು. ಹಿರಿಯರ ಮಾತು, ತಂದುಕೊಟ್ಟೆ. ಪಕ್ಕದವರು ಪಲ್ಯ ಕೇಳಿದರು. ಊಟದ ಬಿಡುವು ಮುಗಿಯುವಷ್ಟರಲ್ಲಿ ಮೂರು ಟೇಬಲ್ಲುಗಳು ನನ್ನ ಪಾಲಿಗೆ ಬಂದಿದ್ದವು. ದೋಸೆ ಮಾತ್ರ ಬಂದಿರಲಿಲ್ಲ.

ಮೊದಲ ಪೀರಿಯಡ್ಡು

ಇದು ಮೊದಲ ದಿನವೇ ಆದದ್ದು. ಹೇಳಲು ನಾಚಿಕೆಯಾಗಿ ಕೊನೆಗಿಟ್ಟೆ.

ನಾನು ಕ್ಲಾಸಿಗೆ ಹೋದೊಡನೆ ಮಕ್ಕಳೆಲ್ಲ ಎದ್ದು ನಮಸ್ತೆ ಹೇಳಿದರು. ನಾನು ಓದಿದ ಶಾಲೆಯಲ್ಲಿ ನಮಸ್ತೆ ಮುಗಿದರೆ ನಾವೇ ಕೂರುತ್ತಿದ್ದೆವು. ಇವರು ಕೂರಲಿಲ್ಲ. ಇಲ್ಲಿನ ಪದ್ಧತಿಯೇ ಹೀಗೇನೋ ಎಂದುಕೊಂಡು ಪಾಠ ಶುರುಮಾಡಿದೆ. ಎಲ್ಲರೂ ನಿಂತೇ ಬರೆದುಕೊಂಡರು. ಒಬ್ಬರೂ ಪಿಟ್ಟೆನ್ನಲಿಲ್ಲ. ಹೆಡ್‌ಮಿಸ್ ಬಾಗಿಲಲ್ಲಿ ಇಣುಕಿ, ಹಾಗೇ ಮುಂದೆ ಹೋದರು.

ಗಂಟೆ ಹೊಡೆದ ಮೇಲೆ ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಕೇಳಿದಳು: “ಮಿಸ್, ನೀವು ಹೇಳ್ದಿದ್ರೆ ನಾವು ಕೂಡಂಗಿಲ್ಲ. ನಾವೇನು ತಪ್ಪು ಮಾಡೀವಿ?”

ತಿಂಗಳ ಕೊನೆಗೆ ಹೆಡ್‌ಮಿಸ್ ಕರೆಸಿದರು. ಅಮ್ಮ ನೋಡಿಟ್ಟ ಗಂಡಿನ ಫೋಟೋ ಕಣ್ಣೆದುರು ಬಂತು.

“ಮೊದಲ ದಿನಾನೇ ಇಡೀ ಕ್ಲಾಸು ನಿಲ್ಲಿಸಿದ್ರಲ್ಲ, ನಾನೇ ಹೆದರಿದೆ,” ಎಂದರು. “ದನಿ ಹೆಂಗರ ಇರಲಿ. ನಿಮ್ಮಂಥ ಕಟ್ಟುನಿಟ್ಟಿನೋರೇ ನಮಗೆ ಬೇಕು. ಕೆಲಸ ಕಾಯಂ.”

ಆಮೇಲೆ ಏನೋ ಬರೆಯತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ, “ಇನ್ನೂ ಯಾಕ ನಿಂತೀರಿ?” ಎಂದು ಕೇಳಿದರು.

ಹೋಗ್ರಿ ಅಂತ ಅವರು ಹೇಳಿರಲಿಲ್ಲವಲ್ಲ.