ನುಮಾಯಿಶದ ಬಾಗಿಲಲ್ಲಿ ಮಡೆಪ್ಪ

ಹರಳೆಣ್ಣೆ, ಇದ್ದಿಲ ಹೊಗೆ, ನೀರು ಚಿಮುಕಿಸಿದ ಕೋಟೆಯ ಮಣ್ಣು ಇವು ಮೂರೂ ಕೂಡಿದ ವಾಸನೆ ಮೂಗಿಗೆ ಬಡಿದರೆ ಅಷ್ಟೂರಿನ ಮಡೆಪ್ಪ ನಿಂತಲ್ಲೇ ಐದು ವರ್ಷದ ಹುಡುಗನಾಗಿಬಿಡುತ್ತಿದ್ದ. ತಾಯಿ ತೀರಿದ ಮೇಲೆ ಅಪ್ಪ ಅವನನ್ನು ಇದ್ದಿಲ ಚೀಲಗಳ ಜೊತೆಗೇ ಬಂಡಿಗೆ ಹಾಕಿಕೊಂಡು ಬೀದರಿಗೆ ಒಯ್ಯುತ್ತಿದ್ದ. ಆ ವಾಸನೆಯೇ ತುಂಬಿದ, ಬಿದರಿ ಕೆಲಸದ ಯಾಕೂಬ ಉಸ್ತಾದರ ಮನೆಯಲ್ಲಿ ಚೀಲವೂ ಇಳಿಯುತ್ತಿತ್ತು, ಹುಡುಗನೂ ಇಳಿಯುತ್ತಿದ್ದ. ಎರಡರಲ್ಲಿ ಯಾವುದು ಹೆಚ್ಚು ಕಪ್ಪು ಎಂದು ಉಸ್ತಾದರ ಹೆಂಡತಿ ಮರಿಯಮಬೀ ನಕ್ಕು, ಹುಡುಗನ ಮುಖ ತೊಳೆದು, ತಲೆ ಬಾಚಿ, ಅಪ್ಪ ಮರಳುವ ತನಕ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಉಸ್ತಾದರು ಕಣ್ಣುಮುಚ್ಚಿದ ಮೇಲೆ ಆಕೆ ಹೈದರಾಬಾದಿಗೆ, ಮಗನ ಮನೆಗೆ ಹೋದಳು. ಅದಾಗಿ ಇಪ್ಪತ್ತೆರಡು ವರ್ಷ.

ಈಗ ಬೀದರಿನಲ್ಲಿ ಕೈಕಸುಬಿನ ನುಮಾಯಿಶ, ಅಂದರೆ ವಸ್ತುಪ್ರದರ್ಶನ. ಮರಿಯಮಬೀ ತಾನು ಕಸೂತಿ ಹಾಕಿದ ಟೋಪಿಗಳನ್ನು ಮಾರಲು ಸೊಸೆಯೊಡನೆ ಬರುತ್ತಾಳೆಂದು ಸಂತೆಯಲ್ಲಿ ಯಾರೋ ಹೇಳಿದ್ದೇ ತಡ, ಮಡೆಪ್ಪನಿಗೆ ನಿದ್ದೆ ಹಾರಿತು. ಹೆಂಡತಿ ಶಿವಕಾಂತಾ, ಕಂಕುಳ ಕೂಸು, ಭಾಲ್ಕಿಯಿಂದ ಬಂದಿದ್ದ ಅತ್ತೆ ಗುರಮ್ಮ ಎಲ್ಲರನ್ನೂ ಆಕೆಯ ಮುಂದೆ ನಿಲ್ಲಿಸಬೇಕು. ನಾನು ಚೆನ್ನಾಗಿದ್ದೇನೆ ಎಂದು ಒಂದು ಮಾತು ಹೇಳಬೇಕು. ಅಷ್ಟೇ ಅವನ ಆಸೆ.

ಚಂದ್ರನ ಹದಿಮೂರಕ್ಕೆ ಹೆಂಗಸರಿಗೆ ಮಾತ್ರ, ಹದಿನಾಲ್ಕಕ್ಕೆ ಎಲ್ಲರಿಗೂ ಎಂದು ಡಂಗುರ ಸಾರಿತ್ತು. ಮಡೆಪ್ಪ ಪಂಚಾಂಗ ನೋಡಿಸಿ, ಚತುರ್ದಶಿಯ ಬೆಳಿಗ್ಗೆ ಮನೆಗೆ ಬೀಗ ಹಾಕಿ ಬಂಡಿ ಹೂಡಿದ.

ನುಮಾಯಿಶದ ಬಾಗಿಲಲ್ಲಿ ಕಾವಲುಗಾರ ಹಬೀಬ ಕೋಲು ಅಡ್ಡ ಹಿಡಿದ.

"ಇವತ್ತ ಹದಿಮೂರು ಅಣ್ಣಾ. ಗಂಡಸ್ರು ನಾಳಿ ಬರ್ರಿ."

"ಹದಿನಾಕರಿ. ಪಂಚಾಂಗದಾಗ ಅದಾ."

"ನೀವು ಅಮಾಸಿಯಿಂದ ಎಣಸೀರಿ. ನಮ್ಮದು ಚಂದ್ರ ಕಣ್ಣಿಗೆ ಕಂಡಾಗಿಂದ ಲೆಕ್ಕ."

ಇರುವ ಒಬ್ಬನೇ ಚಂದ್ರ ಹೀಗೆ ಎರಡು ಮನೆಯ ಅಳಿಯನಂತೆ ನಡೆದುಕೊಳ್ಳುತ್ತಾನೆಂದು ಮಡೆಪ್ಪನಿಗೆ ಹೊಳೆದಿರಲಿಲ್ಲ. ನಾಳೆ ಟೋಪಿಯ ಅಂಗಡಿ ಇರುತ್ತದೆಯೇ ಎಂದು ಕೇಳಿದ. ಹೆಂಗಸರ ಅಂಗಡಿಗಳೆಲ್ಲ ಇವತ್ತೇ ಮುಚ್ಚುತ್ತವೆ, ಹೈದರಾಬಾದಿನವರು ಸಂಜೆಯ ರೈಲಿಗೆ ಹೊರಡುತ್ತಾರೆ ಎಂದು ಹಬೀಬ ಹೇಳಿದ. ಮಡೆಪ್ಪನ ಮುಖ ನೋಡಿ ಕೋಲನ್ನು ಸ್ವಲ್ಪ ಕೆಳಗಿಳಿಸಿದ, ಆದರೆ ತೆಗೆಯಲಿಲ್ಲ.

ಇನ್ನು ಉಳಿದದ್ದು ಹೆಂಗಸರ ಕಾಲು, ಹೆಂಗಸರ ಬಾಯಿ. ಟೋಪಿಯ ಅಂಗಡಿ ಹುಡುಕಿ, ಮಡೆಪ್ಪ ಬಾಗಿಲಲ್ಲಿದ್ದಾನೆಂದು ಹೇಳಿ ಆಕೆಯನ್ನು ಕರೆತರಲು ಶಿವಕಾಂತಾಳಿಗೆ ಮೂರು ಸಲ ಹೇಳಿದ. ಮೂರು ಸಲವೂ ಆಕೆ ಹೂಂ ಎಂದಳು. ಮಲಗಿದ್ದ ಕೂಸನ್ನು ಅವನ ಹೆಗಲಿಗೆ ಹಾಕಿ ತಾಯಿಯ ಜೊತೆ ಒಳಹೊಕ್ಕಳು.

ಸ್ವಲ್ಪ ಹೊತ್ತಿಗೆ ಪರದೆ ಬಿಟ್ಟ ಟಾಂಗಾ ಒಂದು ಒಳಗಿನಿಂದ ಬಂತು. ಮಡೆಪ್ಪನ ಬಂಡಿ ದಾರಿಗೆ ಅಡ್ಡವಾಗಿತ್ತು. ಅವನು ಅವಸರದಿಂದ ಎತ್ತುಗಳನ್ನು ಸರಿಸಿ, ಪರದೆಯ ಹೆಂಗಸರ ಮುಂದೆ ಮರ್ಯಾದಸ್ಥರು ಮಾಡುವಂತೆ ಬೆನ್ನು ತಿರುಗಿಸಿ, ಟಾಂಗಾ ಮರೆಯಾಗುವ ತನಕ ಗೋಡೆ ನೋಡುತ್ತ ನಿಂತ.

ಆಮೇಲೆ ಗುರಮ್ಮ ಬಂದಳು. ಮರಿಯಮಬೀ ಅಲ್ಲ, ಒಂದು ಮೊರ ಬಂದಿತ್ತು. "ಹಿಡೀರಿ ಅಳೇರ, ಒಳಗ ಭಾಳ ಗದ್ದಲ ಅದಾ" ಎಂದು ಅದನ್ನು ಅವನ ಕೈಗಿತ್ತು ಮಾಯವಾದಳು. ಮುಂದಿನ ಸಲ ಎರಡು ಬುಟ್ಟಿ. ಅದರ ಮುಂದಿನ ಸಲ ಮಣ್ಣಿನ ಗಡಿಗೆ, ಒಂದು ಚಾಪೆ. ಪ್ರತಿ ಸಲ ಅವನು ಟೋಪಿಯ ಮಾತೆತ್ತುತ್ತಿದ್ದ. ಪ್ರತಿ ಸಲ ಆಕೆ ತನಗೆ ಟೋಪಿ ಬೇಡ ಎನ್ನುತ್ತಿದ್ದಳು. ನಡುಹೊತ್ತಿಗೆ ಮಡೆಪ್ಪನನ್ನು ನೋಡಿದರೆ ನುಮಾಯಿಶದ ಒಂದು ಅಂಗಡಿಯೇ ಬೇಸತ್ತು ಹೊರಗೆ ಬಂದು ಕೂತಂತಿತ್ತು. ಹೊರಬರುತ್ತಿದ್ದ ಇಬ್ಬರು ಹೆಂಗಸರು ಮೊರದ ಬೆಲೆ ಕೇಳಿದರು. ಮಾರಲಿಕ್ಕಲ್ಲ ಎಂದುದಕ್ಕೆ, ಮಾರುವ ಮನಸ್ಸಿಲ್ಲದವ ಬಾಗಿಲಿಗೆ ಯಾಕೆ ಕೂತ ಎಂದು ಬಯ್ದು ಹೋದರು.

ಕೊನೆಗೆ ಅವನು ಕೂಸನ್ನು ಹಬೀಬನ ಕೈಗೆ ಕೊಟ್ಟು, ಬಂಡಿಯನ್ನು ಗೋಡೆಗೆ ಹಚ್ಚಿ, ಮೂಕಿಯ ಮೇಲೆ ನಿಂತು ಇಣುಕಿದ. ಎತ್ತುಗಳಿಗೆ ಅದೇ ಗಳಿಗೆಯಲ್ಲಿ ಎದುರಿನ ಹುಲ್ಲು ಕಂಡಿತು. ಮಡೆಪ್ಪ ಒಣಹಾಕಿದ ಅಂಗಿಯಂತೆ ಗೋಡೆಗೆ ಜೋತುಬಿದ್ದ. ಒಳಗೆ ಕಿರುಚಾಟ ಎದ್ದಿತು. ಹಬೀಬ ಬಯ್ಯಲಿಲ್ಲ. ಅವನ ಕಾಲು ಹಿಡಿದು ಇಳಿಸಿ, ಕೂಸನ್ನು ಒಂದು ಕೈಯಲ್ಲಿಟ್ಟುಕೊಂಡೇ ಇನ್ನೊಂದು ಕೈಯಿಂದ ನೀರಿನ ತಂಬಿಗೆ ಕೊಟ್ಟ.

ಆ ಗದ್ದಲಕ್ಕೇ ಶಿವಕಾಂತಾ ಓಡಿಬಂದಳು. ಟೋಪಿಯ ಅಂಗಡಿ ಸಿಕ್ಕಿತ್ತಂತೆ; ಮಡೆಪ್ಪನ ಹೆಸರು ಹೇಳುವಷ್ಟರಲ್ಲೇ ಕಿರುಚಾಟ ಎದ್ದಿತಂತೆ.

"ಆಕಿ ಇಲ್ಲರಿ. ಸೊಸಿ ಒಬ್ಬಾಕಿನೇ ಕುಂತಾಳ. ಅತ್ತಿ ಮಗನ್ನ ನೋಡಾಕ ಹೋಗ್ಯಾರ ಅಂದ್ಳು."

ಮಗ. ಹೌದಲ್ಲ, ಆಕೆಗೆ ಹೊಟ್ಟೆಯಲ್ಲಿ ಹುಟ್ಟಿದ ಮಗನಿದ್ದಾನೆ; ಅವನೂ ಊರಿಗೆ ಬಂದಿರಬೇಕು. ಇದ್ದಿಲ ಚೀಲದ ಜೊತೆ ಇಳಿದ ಹುಡುಗನೊಬ್ಬ ನೆನಪಿರಬೇಕೆಂದು ಎಲ್ಲಿದೆ? ಹಾಗೆಂದುಕೊಂಡರೂ ಮಡೆಪ್ಪ ಕದಲಲಿಲ್ಲ. ಮಗನನ್ನು ನೋಡಿ ಅಂಗಡಿಗೆ ಮರಳಿಯೇ ಮರಳುತ್ತಾಳೆ, ಆಗ ಬಾಗಿಲಲ್ಲಿ ಕಾಣಬಹುದು. ಅತ್ತೆ ಗೊಣಗಿದಳು, ಕೂಸು ಅತ್ತಿತು, ಬಿಸಿಲು ಇಳಿಯಿತು. ಸೊಸೆ ಗಂಟು ಕಟ್ಟಿಕೊಂಡು ಒಬ್ಬಳೇ ಟಾಂಗಾ ಹತ್ತಿ ನಿಲ್ದಾಣಕ್ಕೆ ಹೋದಳು. ಅವಳ ಹಿಂದೆ ಬಂಡಿ ಹೊಡೆಯುವಷ್ಟರಲ್ಲಿ ರೈಲಿನ ಸಿಳ್ಳು ಕೇಳಿತು.

ಅಷ್ಟೂರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪಕ್ಕದ ಮನೆಯ ಸುಂದರಬಾಯಿ ಬಾಗಿಲಲ್ಲೇ ಕಾದಿದ್ದಳು.

"ಎಲ್ಲಿ ಸತ್ತಿದ್ದಿಯೋ ಮಡೆಪ್ಪಾ? ಪರದಾ ಟಾಂಗಾದಾಗ ಒಬ್ಬ ಮುದುಕಿ ಬಂದಿದ್ರು. ನನ್ನ ಮಗನ ಮನಿ ಯಾವುದು ಅಂತ ನಿನ್ನ ಹೆಸರೇ ಕೇಳಿದ್ರು. ನಿಮ್ಮ ಕಟ್ಟಿ ಮ್ಯಾಲೇ ಕುಂತಿದ್ರು. ರೈಲಿಗೆ ಹೊತ್ತಾತು ಅಂತ ಟಾಂಗಾದವ ಮೂರು ಸಲ ಕರದಾ, ಆಮ್ಯಾಲ ಎದ್ರು."

ಮಡೆಪ್ಪನ ಕೈಯಲ್ಲಿದ್ದ ಗಡಿಗೆಯನ್ನು ಶಿವಕಾಂತಾ ಮೆಲ್ಲಗೆ ತೆಗೆದುಕೊಂಡಳು.

"ಉಣ್ಣಾಕ ನಾಕು ರೊಟ್ಟಿ ಕೊಟ್ಟಿದ್ನೆಪಾ. ಎರಡೇ ತಿಂದ್ರು," ಎಂದಳು ಸುಂದರಬಾಯಿ. "ಅವ ಹಸದು ಬರ್ತಾನ, ಹಸಿವಾಗ್ಯಾದ ಅಂತ ಬಾಯಿಬಿಟ್ಟು ಹೇಳೂ ಹುಡುಗ ಅಲ್ಲ ಅಂದ್ರು."

ಅವಳು ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಜೋಳದ ರೊಟ್ಟಿ, ಮೇಲೆ ಒಂದಿಷ್ಟು ಪುಂಡಿಪಲ್ಯ ತಂದು ಅವನ ಕೈಯಲ್ಲಿಟ್ಟಳು.