ಯಕ್ಷಗಾನ ಶಾಲೆಗೆ ಓಡಿಹೋದ ಅಡುಗೆಯವ

ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಷ್ಟು ವರ್ಷವೂ ನನಗೆ ಹೀಗೇ. ಒಂದು ಕೆಲಸಕ್ಕೆ ಕಳಿಸುತ್ತಿದ್ದರು, ಅಲ್ಲಿ ಇನ್ನೊಂದೇ ಆಗುತ್ತಿತ್ತು. ಆಗ ಬ್ರಿಟಿಷರ ಕಾಲ. ಬಾಳೂರು ಕಡೆಯ ನಮ್ಮ ಎಸ್ಟೇಟಿನ ಬಂಗಲೆಯ ಅಡುಗೆಯವನು ಒಂದು ಬೆಳಿಗ್ಗೆ ಕೆಲಸ ಬಿಟ್ಟು, ಕಳಸದಾಚೆಯ ಯಕ್ಷಗಾನ ಶಾಲೆ ಸೇರಿಕೊಂಡ. ಎರಡು ವಾರ ಸೀದ ರೊಟ್ಟಿ ತಿಂದ ಬಿಳಿಯ ದೊರೆ, ಆಳುಗಳ ಮೇಸ್ತ್ರಿಯನ್ನೂ ನನ್ನನ್ನೂ ಕರೆದು, "ಅವನನ್ನು ಕರ್ಕೊಂಡು ಬನ್ನಿ" ಅಂದರು.

೧. ಜಗಳ ಬಿಡಿಸಿದ್ದು

ಶಾಲೆಯೆಂದರೆ ಗುಡ್ಡದ ಮೇಲೆ ಸೋಗೆ ಹೊದಿಸಿದ ಉದ್ದನೆಯ ಚಪ್ಪರ, ಸಗಣಿ ಸಾರಿಸಿದ ಅಂಗಳ. ನಾವಿನ್ನೂ ಏರು ಹತ್ತುತ್ತಿದ್ದೆವು, ಒಳಗಿನಿಂದ ಕೇಳಿಸಿತು: "ಈಗಲೇ ನಿನ್ನ ತಲೆ ಉರುಳಿಸುತ್ತೇನೆ." ಮೇಸ್ತ್ರಿ ಬೇಲಿಯ ಗೂಟ ಕಿತ್ತುಕೊಂಡು, "ಬನ್ನಿ ರೈಟರೇ, ಬಿಡಿಸ್ಬೇಕು" ಎಂದು ಓಡಿದ.

ಒಳಗೆ ಇಬ್ಬರು ಶಿಷ್ಯರು ಎದುರುಬದುರು ನಿಂತು ಪಾಠ ಒಪ್ಪಿಸುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಬಡಕಲು ಮುದುಕರೇ ಗುರುಗಳು. ಗೂಟ ಎತ್ತಿ ನಿಂತ ಮೇಸ್ತ್ರಿಯನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ನಿಲುವು ಚೆನ್ನಾಗಿದೆ. ಯಾವಾಗಿಂದ ಸೇರ್ತೀರಿ?"

೨. ಮೀಸೆಯ ತಾಯಿ

ನಾವು ಬಂದ ಕಾರಣ ಹೇಳಿದ ಮೇಲೆ ಅಡುಗೆಯವನು ಬಂದ. ದಪ್ಪ ಮೀಸೆ, ಒಲೆಯ ಮುಂದೆ ಕಪ್ಪಾದ ಕೈ. "ಕಲಿತಷ್ಟು ತೋರಿಸು, ಆಮೇಲೆ ಹೋಗುವೆಯಂತೆ" ಅಂದರು ಗುರುಗಳು.

ಅವನು ಹೆಗಲ ಮೇಲಿದ್ದ ಬೈರಾಸನ್ನು ಸೆರಗಿನ ಹಾಗೆ ತಲೆಗೆ ಹೊದ್ದ. ಮದ್ದಳೆ ಸಣ್ಣಗೆ ಶುರುವಾಯಿತು. ಮಗ ಯುದ್ಧಕ್ಕೆ ಹೊರಟಿದ್ದಾನೆ, ತಾಯಿ ತಡೆಯುವಂತಿಲ್ಲ. ಅವನು ಅಳಲಿಲ್ಲ, ಅಲ್ಲಿ ಇಲ್ಲದ ಮಗನ ಹಣೆಯ ಕೂದಲು ಸರಿಮಾಡಿದ, ಅಷ್ಟೆ. ನನಗೆ ಮೀಸೆ ಕಾಣಿಸುವುದೇ ನಿಂತುಹೋಯಿತು. ದಿನವಿಡೀ ಆಳುಗಳ ಮೇಲೆ ಕೂಗಾಡುವ ಮೇಸ್ತ್ರಿ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ.

ಗುಡ್ಡ ಇಳಿದ ಮೇಲೆ ಕೇಳಿದೆ, "ಅವನನ್ನು ಕರೆಯೋದೇ ಮರೆತೆವಲ್ಲ ಮಾರಾಯ?"

"ಮರೆತಿಲ್ಲ ರೈಟರೇ. ಆ ತಾಯಿಗೆ ಬಂದು ರೊಟ್ಟಿ ಸುಡು ಅನ್ನೋಕೆ ಬಾಯಿ ಬರ್ಲಿಲ್ಲ."

೩. ದೊರೆ ಎದ್ದದ್ದು

ಮುಂದಿನ ಭಾನುವಾರ ದೊರೆಯೇ ಕುದುರೆ ಏರಿ ಹೊರಟರು. ಹಿಂದೆ ನಾವಿಬ್ಬರು. ಗುರುಗಳು ಬೆಂಚು ಹಾಕಿಸಿ, "ಒಂದು ಪ್ರವೇಶ ನೋಡಿಕೊಂಡು ಹೋಗಿ" ಎಂದು ತಾವೇ ಎದ್ದರು. ವೇಷವಿಲ್ಲ, ಬಣ್ಣವಿಲ್ಲ, ಎಣಿಸಬಹುದಾದ ಎದೆಗೂಡು.

ಚಂಡೆ ಬಿತ್ತು. ಆ ಮುದುಕರು ನಮ್ಮ ಕಣ್ಣೆದುರೇ ಎರಡು ಆಳೆತ್ತರವಾದರು. ಹೇಗೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಒಂದು ಹೆಜ್ಜೆ ಮುಂದಿಟ್ಟು ಗುಡುಗಿದಾಗ ಹೊರಗೆ ಕಟ್ಟಿದ್ದ ಕುದುರೆ ಕೆನೆಯಿತು. ಪಕ್ಕಕ್ಕೆ ತಿರುಗಿದರೆ ದೊರೆ ಟೋಪಿ ಕೈಯಲ್ಲಿ ಹಿಡಿದು ಎದ್ದು ನಿಂತಿದ್ದಾರೆ. ಅವರು ಯಾರ ಮುಂದೆಯೂ ಟೋಪಿ ತೆಗೆದದ್ದನ್ನು ನಾನು ಕಂಡಿರಲಿಲ್ಲ.

ಚಂಡೆ ನಿಂತಿತು. "ಅಡುಗೆಯವನು ಇಲ್ಲೇ ಇರ್ಲಿ," ಎಂದರು ದೊರೆ ಮೆಲ್ಲಗೆ. "ಇಂಥ ರಾಜನ ಹತ್ರ ಕಲೀಲಿ."

ಗುರುಗಳು ಬೆವರು ಒರೆಸಿಕೊಂಡು ಹೇಳಿದರು: "ಕೂತ್ಕೊಳ್ಳಿ ದೊರೆಗಳೇ. ಈಗ ಬಂದದ್ದು ದೂತ. ರಾಜ ಇನ್ನೂ ಬಂದಿಲ್ಲ."